ಹಿತ್ತಲಿಗೆ ಬಂದ ನವರಂಗ

"ಯಾರದು? ಅಲ್ಲಿ ಎಂತ ಮಾಡ್ತಾ ಇದ್ದೀರಿ?"

ಶಾರ್ಲೆಟ್‌ಳ ಕೂಗಿಗೆ ಪಕ್ಕದ ಮನೆಯ ನಾಯಿ ಬೊಗಳಿತು. ಪೇರಳೆ ಮರದಿಂದ ಎರಡು ಪಿಕಳಾರ ಹಕ್ಕಿಗಳು ಎದ್ದು ಹಾರಿದವು. ಆದರೆ ಮಲ್ಲಿಗೆ ಗಿಡಗಳ ಸಾಲಿನ ನಡುವೆ ಬೋರಲು ಮಲಗಿದ್ದ ಆ ಮನುಷ್ಯ ಮಾತ್ರ ಅಲುಗಲಿಲ್ಲ. ಒಂದು ಕೈಯನ್ನು ಹಿಂದಕ್ಕೆ ಚಾಚಿ, ಸುಮ್ಮನಿರಿ ಎಂಬಂತೆ ಬೀಸಿದ. ಅಷ್ಟೇ!

ನನ್ನ ಮನೆಯ ಹಿತ್ತಲಲ್ಲಿ ನನಗೇ ಸುಮ್ಮನಿರಲಿಕ್ಕೆ ಹೇಳುವುದಾ?

ಶಾರ್ಲೆಟ್ ಕಾಪುವಿನ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಐವತ್ತು ಮಕ್ಕಳನ್ನು ಒಂದೇ ನೋಟದಲ್ಲಿ ಕೂರಿಸುವವಳು. ಗೋಡೆಗೆ ಒರಗಿಸಿಟ್ಟಿದ್ದ ಅಂಗಳ ಗುಡಿಸುವ ಹಿಡಿಸೂಡಿ ಎತ್ತಿಕೊಂಡು ನೇರ ಅವನ ತಲೆಯ ಹತ್ತಿರ ಹೋಗಿ ನಿಂತಳು.

"ಏಳುತ್ತೀರಾ, ಇಲ್ಲ ಊರು ಸೇರಿಸಬೇಕಾ?"

ಅವನು ತಿರುಗಿದ. ಗಡ್ಡಕ್ಕೆ ಒಣ ಎಲೆಯ ಚೂರು ಅಂಟಿತ್ತು. ಕಣ್ಣಲ್ಲಿ... ನೀರು! ಹೌದು, ನಿಜವಾಗಿಯೂ ನೀರು.

"ಹೋಯಿತು," ಎಂದ ಪಿಸುಮಾತಿನಲ್ಲಿ. "ನೀವು ಕೂಗಿದ್ದಕ್ಕೆ ಹೋಯಿತು. ನವರಂಗ! ನಿಮ್ಮ ಹಿತ್ತಲಿಗೆ ನವರಂಗ ಹಕ್ಕಿ ಬಂದಿದೆ, ಗೊತ್ತುಂಟಾ ನಿಮಗೆ?"

"ನನಗೆ ಗೊತ್ತಿರುವುದು ಒಬ್ಬ ಕಳ್ಳ ಬಂದಿದ್ದಾನೆ ಅಂತ."

"ಕಳ್ಳ ಅಲ್ಲ, ಕಾರ್ಲ್ಟನ್. ಮಣಿಪಾಲದ ಥೆರಪಿ ಕೇಂದ್ರದಿಂದ ಬಂದದ್ದು. ಅಲೆಕ್ಸಾಂಡರ್ ಅಂಕಲ್‌ಗೆ ಮಾತು ಕಲಿಸಲಿಕ್ಕೆ... ನೀವೇ ಅಲ್ವಾ ಫೋನ್ ಮಾಡಿದ್ದು?"

ಶಾರ್ಲೆಟ್‌ಳ ಕೈಯಲ್ಲಿದ್ದ ಹಿಡಿಸೂಡಿ ಮೆಲ್ಲನೆ ಕೆಳಗಿಳಿಯಿತು.

ಆಗಲೇ ಹಿಂದಿನಿಂದ ಒಂದು ಸಿಳ್ಳೆ ಕೇಳಿಸಿತು. ಎರಡೇ ಸ್ವರ. ಮೊದಲನೆಯದು ಏರಿ, ಎರಡನೆಯದು ಇಳಿದು.

ಕಾರ್ಲ್ಟನ್ ಗಕ್ಕನೆ ಎದ್ದು ಕೂತ. "ಅದೇ! ಮತ್ತೆ ಬಂತು, ಕೇಳಿದಿರಾ?"

ಆದರೆ ಶಾರ್ಲೆಟ್ ಗಿಡಗಳ ಕಡೆಗೆ ನೋಡುತ್ತಿರಲಿಲ್ಲ. ಅವಳು ನೋಡುತ್ತಿದ್ದದ್ದು ಅಡುಗೆಮನೆಯ ಪಕ್ಕದ ಕಿಟಕಿಯನ್ನು. ಅಲ್ಲಿ ಬೆತ್ತದ ಕುರ್ಚಿಯಲ್ಲಿ ಕೂತಿದ್ದ ಅವಳ ಪಪ್ಪಾ, ಸೊಟ್ಟಗಾದ ತುಟಿಗಳನ್ನು ಕಷ್ಟಪಟ್ಟು ಒಟ್ಟುಗೂಡಿಸಿ ಸಿಳ್ಳೆ ಹಾಕುತ್ತಿದ್ದರು.

ಐದು ತಿಂಗಳಲ್ಲಿ ಅವರ ಬಾಯಿಂದ ಹೊರಟ ಮೊದಲ ಸ್ವರ ಅದು!

* * *

ಅಲೆಕ್ಸಾಂಡರ್ ಇಪ್ಪತ್ತೆರಡು ವರ್ಷ ಬಹರೈನಿನ ಬಂದರಿನಲ್ಲಿ ಕ್ರೇನ್ ನಡೆಸಿದವರು. ಮರಳು ಮತ್ತು ಕಬ್ಬಿಣ ಬಿಟ್ಟರೆ ಬೇರೇನೂ ಕಾಣದ ಊರಿನಿಂದ ಮರಳಿದ ಮೇಲೆ, ಉದ್ಯಾವರದ ಮನೆಯ ಹಿಂದಿನ ಹದಿನೆಂಟು ಸೆಂಟ್ಸ್ ಜಾಗವನ್ನು ಹಸಿರು ಮಾಡುವುದೇ ಅವರ ಕೆಲಸವಾಗಿತ್ತು. ಪೇರಳೆ, ಚಿಕ್ಕು, ಬಿಂಬುಳಿ, ಹೆಂಡತಿ ಅಪೊಲೋನಿಯಾಳ ಮಲ್ಲಿಗೆ. ಹಕ್ಕಿಗಳಿಗೆಂದು ಮಣ್ಣಿನ ಬೋಗುಣಿಯಲ್ಲಿ ನೀರು. ಉದುರಿದ ಎಲೆ ಗುಡಿಸಲು ಮಾತ್ರ ಬಿಡುತ್ತಿರಲಿಲ್ಲ. "ಎಲೆಯ ಅಡಿಯಲ್ಲಿ ಹುಳ ಉಂಟು, ಹುಳ ಇದ್ದರೆ ಹಕ್ಕಿ ಉಂಟು," ಎನ್ನುತ್ತಿದ್ದರು.

ಆ ವರ್ಷ ಮೇ ತಿಂಗಳಲ್ಲಿ ಪಾರ್ಶ್ವವಾಯು ಬಡಿಯಿತು. ಕಾಲು ಸ್ವಲ್ಪ ಸ್ವಲ್ಪವೇ ಸರಿಯಾಯಿತು. ಮಾತು ಮರಳಲಿಲ್ಲ. ಎಲ್ಲ ಅರ್ಥವಾಗುತ್ತಿತ್ತು, ಒಂದು ಶಬ್ದವೂ ಹೊರಗೆ ಬರುತ್ತಿರಲಿಲ್ಲ. ಸಿಟ್ಟು ಬಂದರೆ ತಟ್ಟೆ ದೂಡುತ್ತಿದ್ದರು. ಆಮೇಲೆ ಒಬ್ಬರೇ ಅಳುತ್ತಿದ್ದರು.

ಕಾರ್ಲ್ಟನ್ ತಂದಿದ್ದ ಚಿತ್ರದ ಕಾರ್ಡುಗಳು, ಅಂದರೆ ಲೋಟ, ಬಾಚಣಿಗೆ, ಕುರ್ಚಿ, ಎಲ್ಲ ಮೊದಲ ದಿನವೇ ಅವನ ಚೀಲಕ್ಕೆ ವಾಪಸು ಹೋದವು.

"ಇವರಿಗೆ ಬಾಚಣಿಗೆಯ ಹೆಸರು ಹೇಳಿ ಎಂತ ಆಗಬೇಕು?" ಎಂದ ಅವನು ನಗುತ್ತಾ. "ಇವರಿಗೆ ಬೇಕಾದ ಹೆಸರುಗಳು ಹೊರಗೆ ಹಾರುತ್ತಾ ಉಂಟು."

ಅಂದಿನಿಂದ ಮಂಗಳವಾರ ಮತ್ತು ಶುಕ್ರವಾರ ಸಂಜೆ ಕಿಟಕಿಯ ಪಕ್ಕದಲ್ಲಿ ಮೂರು ಕುರ್ಚಿಗಳು. ಒಂದು ಪಪ್ಪಾನಿಗೆ, ಒಂದು ಕಾರ್ಲ್ಟನ್‌ಗೆ. ಮೂರನೆಯದರಲ್ಲಿ ಶಾಲೆಯಿಂದ ಬಂದು ಕೈಕಾಲು ತೊಳೆಯುವುದಕ್ಕೂ ಮೊದಲು ಶಾರ್ಲೆಟ್ ಕೂರುತ್ತಿದ್ದಳು.

"ನಾನೂ ಹಿಂದೆ ಬರೆದಿಟ್ಟದ್ದುಂಟು," ಎಂದು ಒಂದು ದಿನ ಅವಳು ನೋಟ್‌ಬುಕ್ ತೋರಿಸಿದಳು. ಅವನು ಓದಿ, ನಗು ತಡೆಯಲಾಗದೆ ಕೆಮ್ಮಿದ.

"ಕಂದು ಹಕ್ಕಿ ಒಂದು, ಕಂದು ಹಕ್ಕಿ ಎರಡು, ಕಂದು ಹಕ್ಕಿ ಆದರೆ ಬೇರೆ... ಇದೆಂತ ಟೀಚರ್, ನಿಮ್ಮ ಮಕ್ಕಳು ಪರೀಕ್ಷೆಯಲ್ಲಿ ಹೀಗೆ ಬರೆದರೆ ಎಷ್ಟು ಅಂಕ ಕೊಡುತ್ತೀರಿ?"

"ಕಂದು ಹಕ್ಕಿಯನ್ನು ಕಂದು ಅನ್ನದೆ ಇನ್ನೆಂತ ಹೇಳಬೇಕು?"

"ಬಣ್ಣ ಕೊನೆಗೆ ನೋಡುವುದು. ಬಣ್ಣ ಮೋಸ ಮಾಡುತ್ತದೆ. ಮೊದಲು ಕೊಕ್ಕು ನೋಡಿ, ಹುಳ ಕುಕ್ಕುವ ಕೊಕ್ಕಾ, ಹಣ್ಣು ತಿನ್ನುವ ಕೊಕ್ಕಾ. ಆಮೇಲೆ ಬಾಲ. ಆಮೇಲೆ ಅದು ಕೂರುವ ರೀತಿ, ನಡೆಯುವ ರೀತಿ. ಈಗ ಹೇಳಿ, ಆ ಗೋಡೆಯ ಮೇಲೆ ಯಾರು?"

"ಕಪ್ಪು ಬಿಳುಪು... ಅಲ್ಲ, ಇರಿ. ಕೊಕ್ಕು ಸಣ್ಣ. ಬಾಲ ಎತ್ತಿ ಎತ್ತಿ ಇಳಿಸುತ್ತಾ ಉಂಟು."

"ಅದರ ಹೆಸರು?"

ಶಾರ್ಲೆಟ್ ಯೋಚಿಸುತ್ತಿದ್ದಂತೆ ಪಕ್ಕದ ಕುರ್ಚಿಯಿಂದ ಗೊಗ್ಗರು ದನಿಯೊಂದು ಬಂತು.

"ಮ... ಮಡಿ... ವಾಳ."

ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಅಪೊಲೋನಿಯಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ಸೈಬಾ...!" ಎಂದಷ್ಟೇ ಅಂದರು ಆ ತಾಯಿ. ದೇವರನ್ನು ಕರೆದದ್ದಾ, ಗಂಡನನ್ನು ಕರೆದದ್ದಾ, ಗೊತ್ತಾಗಲಿಲ್ಲ.

ಶಾರ್ಲೆಟ್ ಮಾತ್ರ ಕಾರ್ಲ್ಟನ್‌ನನ್ನು ನೋಡುತ್ತಿದ್ದಳು. ಇವನು ನಮ್ಮ ಮನೆಗೆ ಬರಲಿಕ್ಕೆ ಇಷ್ಟು ತಡ ಯಾಕೆ ಮಾಡಿದ?

* * *

ಕ್ರಿಸ್ಮಸ್ ಕಳೆಯಿತು. ಪಪ್ಪಾನ ಬಾಯಲ್ಲಿ ಹನ್ನೊಂದು ಹಕ್ಕಿಗಳ ಹೆಸರುಗಳಾದವು. ಜೊತೆಗೆ 'ನೀರು', 'ಸಾಕು', 'ಅಪ್ಪಿ'. ಅಪ್ಪಿ ಎಂದರೆ ಅಪೊಲೋನಿಯಾ.

ಆ ಹೊತ್ತಿಗೆ ಕಾರ್ಲ್ಟನ್ ಶಾರ್ಲೆಟ್‌ಳ ಫೋನಿನಲ್ಲಿ ಹಕ್ಕಿಗಳ ಪಟ್ಟಿ ಬರೆದಿಡುವ ಒಂದು ಆಪ್ ಹಾಕಿಕೊಟ್ಟಿದ್ದ. ಕಂಡ ಹಕ್ಕಿ, ಎಷ್ಟು, ಯಾವ ಹೊತ್ತಿಗೆ. ಅವಳ ನೋಟ್‌ಬುಕ್ ಮೂಲೆಗೆ ಸೇರಿತು.

"ನವರಂಗದ ವಿಷಯ ಮಾತ್ರ ಯಾರಿಗೂ ಹೇಳಬೇಡಿ," ಎಂದಿದ್ದ ಅವನು. "ಫೋಟೋದವರಿಗೆ ಗೊತ್ತಾದರೆ ಬಿಡುವುದಿಲ್ಲ. ಏಪ್ರಿಲ್‌ವರೆಗೆ ಅದು ಇಲ್ಲಿರುತ್ತದೆ, ಆಮೇಲೆ ಉತ್ತರಕ್ಕೆ ಹೋಗುತ್ತದೆ. ಅಲ್ಲಿಯವರೆಗೆ ಅಂಕಲ್‌ಗೆ ಅದೇ ಔಷಧ."

"ನಮ್ಮ ಇಬ್ಬರ ನಡುವೆಯೇ," ಎಂದಿದ್ದಳು ಅವಳು.

ಜನವರಿಯ ಕೊನೆಯ ಶನಿವಾರ ಅವರಿಬ್ಬರೂ ಮಟ್ಟುವಿನ ಕಡಲ ತೀರಕ್ಕೆ ಹೋದರು. ಹೋಗುವಾಗ 'ನೀವು' ಎನ್ನುತ್ತಿದ್ದವರು ಬರುವಾಗ 'ನೀನು' ಎನ್ನುತ್ತಿದ್ದರು.

"ಅಂಕಲ್‌ನ ಕೇಸು ಬೇರೆಯವರಿಗೆ ಕೊಡಬೇಕು ನಾನು," ಎಂದ ಕಾರ್ಲ್ಟನ್, ಮರಳಲ್ಲಿ ಬೆರಳಿನಿಂದ ಗೀರುತ್ತಾ. "ರೋಗಿಯ ಮಗಳನ್ನು ಪ್ರೀತಿಸಿಕೊಂಡು ಫೀಸು ತೆಗೆದುಕೊಳ್ಳುವುದು ಸರಿಯಲ್ಲ."

"ಯಾವ ಮಗಳನ್ನು?"

"ಅವರಿಗೆ ಒಬ್ಬಳೇ ಅಲ್ವಾ ಇರುವುದು, ಮಾರಾಯ್ತಿ!"

ಅವಳು ನಕ್ಕಳು. ಗಾಳಿಗೆ ಕೂದಲು ಬಾಯಿಗೆ ಬಂತು. "ತಪಸ್ಸು ಕಾಲ ಬರುತ್ತಾ ಉಂಟು, ಆ ಉಪವಾಸದ ದಿನಗಳು ಮುಗಿಯಲಿ. ಈಸ್ಟರ್ ದಿನ ಮಮ್ಮಿಗೆ ನಾನೇ ಹೇಳುತ್ತೇನೆ. ಅಲ್ಲಿಯವರೆಗೆ ನೀನೇ ಬಾ. ಪಪ್ಪಾ ಬೇರೆ ಯಾರಿಗೂ ಬಾಯಿ ತೆರೆಯುವುದಿಲ್ಲ."

ಅಷ್ಟು ದಿನ ಕಾಯಲು ಇಬ್ಬರಿಗೂ ಕಷ್ಟವೇನೂ ಕಾಣಲಿಲ್ಲ.

ಎರಡು ವಾರ ಕಳೆದ ಮೇಲೆ, ಒಂದು ಶನಿವಾರ ಬೆಳಿಗ್ಗೆ, ಪಪ್ಪಾ ಬೋಗುಣಿಯ ಹತ್ತಿರ ಒಣ ಎಲೆ ಎತ್ತಿ ಎಸೆಯುತ್ತಿದ್ದ ಗಿಡ್ಡ ಬಾಲದ ಆ ಹಕ್ಕಿಯನ್ನು ತೋರಿಸಿ, ತಡವರಿಸದೆ, "ನವರಂಗ" ಎಂದರು!

ಮರುದಿನ ಭಾನುವಾರ. ಶಾರ್ಲೆಟ್ ಮತ್ತು ಅಪೊಲೋನಿಯಾ ಮುಂಜಾನೆಯ ಪೂಜೆಗೆ ಇಗರ್ಜಿಗೆ ಹೋದರು. ಪಪ್ಪಾ ಮಲಗಿದ್ದರು. ಒಂದೇ ಗಂಟೆ ಅಲ್ವಾ...

ಮರಳಿ ಬಂದಾಗ ಗೇಟಿನ ಮುಂದೆ ನಾಲ್ಕು ಕಾರು, ಏಳೆಂಟು ಬೈಕು ನಿಂತಿದ್ದವು.

ಹಿತ್ತಲ ತುಂಬ ಜನ! ತೋಳಿನಷ್ಟುದ್ದದ ಲೆನ್ಸುಗಳು. ತುಳಿದು ಮುರಿದ ಮಲ್ಲಿಗೆ ಗಿಡಗಳು. ಯಾರೋ ಒಬ್ಬ ಸಣ್ಣ ಸ್ಪೀಕರಿನಲ್ಲಿ ನವರಂಗದ ಸಿಳ್ಳೆಯನ್ನು ಮತ್ತೆ ಮತ್ತೆ ಹಾಕುತ್ತಿದ್ದ. ಹಕ್ಕಿ ಎಲ್ಲೂ ಇರಲಿಲ್ಲ.

ಅಡುಗೆಮನೆಯ ಮೆಟ್ಟಿಲ ಮೇಲೆ ಪಪ್ಪಾ ನಿಂತಿದ್ದರು. ಊರುಗೋಲನ್ನು ಎತ್ತಿ ಬೀಸುತ್ತಿದ್ದರು. ಬಾಯಿ ದೊಡ್ಡದಾಗಿ ತೆರೆದಿತ್ತು. ಅವರಿಗೆ ಆ ಹೊತ್ತಿಗೆ ಬೇಕಾಗಿದ್ದ ಮಾತು, 'ಹೋಗಿ' ಎಂಬ ಒಂದೇ ಮಾತು, ಬರಲಿಲ್ಲ. ಯಾರೂ ಅವರ ಕಡೆ ತಿರುಗಿಯೂ ನೋಡಲಿಲ್ಲ.

"ಪಪ್ಪಾ!"

ಅವಳು ಓಡುವಷ್ಟರಲ್ಲಿ ಅವರು ಬಿದ್ದರು. ತಲೆ ಬಟ್ಟೆ ಒಗೆಯುವ ಕಲ್ಲಿಗೆ ಬಡಿಯಿತು.

ತಂದೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಶಾರ್ಲೆಟ್ ಕಣ್ಣೆತ್ತಿದಾಗ, ಗೇಟಿನ ಹತ್ತಿರ ಅವಳಿಗೆ ಕಂಡದ್ದು ಒಬ್ಬನೇ. ಕೊರಳಲ್ಲಿ ದುರ್ಬೀನು. ಒಬ್ಬ ಫೋಟೋಗ್ರಾಫರನ ತೋಳು ಹಿಡಿದುಕೊಂಡು ಏನೋ ಹೇಳುತ್ತಿದ್ದ ಕಾರ್ಲ್ಟನ್.

* * *

ಮೂರನೆಯ ದಿನ ಉಡುಪಿಯ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ತೀರಿಕೊಂಡರು.

ಮಣ್ಣು ಕೊಟ್ಟು ಜನ ಚದುರುವಾಗ ಕಾರ್ಲ್ಟನ್ ಹತ್ತಿರ ಬಂದ. "ಶಾರ್ಲೆಟ್, ನನ್ನ ಮಾತು ಒಮ್ಮೆ ಕೇಳು..."

"ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು!" ಅವಳ ಕೂಗಿಗೆ ಇಡೀ ಸ್ಮಶಾನ ತಿರುಗಿ ನೋಡಿತು. "ನಾನು ಯಾರಿಗೂ ಹೇಳಲಿಲ್ಲ. ಹಾಗಾದರೆ ಯಾರು ಹೇಳಿದ್ದು? ಗೆಳೆಯರ ಮುಂದೆ ದೊಡ್ಡವನಾಗಲಿಕ್ಕೆ ನಮ್ಮ ಪಪ್ಪಾನನ್ನು ಕೊಂದೆಯಲ್ಲ! ಹೇಳು, ನೀನಲ್ಲ ಅಂತ ಹೇಳು ನೋಡುವ!"

ಅವನ ತುಟಿ ಅಲುಗಿತು. ಅವಳ ಮುಖವನ್ನೇ ನೋಡಿದ. ಆಮೇಲೆ ತಲೆ ತಗ್ಗಿಸಿ ಹೊರಟುಹೋದ.

ತಪ್ಪಿಲ್ಲದವನು ಸುಮ್ಮನೆ ಹೋಗುತ್ತಾನಾ? ಶಾರ್ಲೆಟ್‌ಗೆ ಅಷ್ಟೇ ಸಾಕಾಯಿತು. ಹದಿನೈದು ದಿನಗಳ ಒಳಗೆ ಮಣಿಪಾಲದ ಥೆರಪಿ ಕೇಂದ್ರಕ್ಕೆ ದೂರು ಬರೆದಳು. ರೋಗಿಯ ಮನೆಯ ಗುಟ್ಟನ್ನು ಹೊರಗೆ ಹಾಕಿ ಸಾವಿಗೆ ಕಾರಣನಾದವನು ಎಂದು ಬರೆದಳು. ಅವನ ಕೆಲಸ ಹೋಯಿತು ಎಂದು ಕೇಳಿದ ದಿನ ಅವಳಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಊಟ ಮಾಡದೆ ಮಲಗಿದಳು.

ಎರಡು ವರ್ಷ ಹಾಗೆಯೇ ಹೋಯಿತು. ಬಂದ ಎರಡು ಸಂಬಂಧಗಳನ್ನು ಬೇಡವೆಂದಳು. ಬೋಗುಣಿಗೆ ನೀರು ಹಾಕುವುದನ್ನು ನಿಲ್ಲಿಸಿದಳು. ಅಪೊಲೋನಿಯಾ ಉದುರಿದ ಎಲೆಗಳನ್ನೆಲ್ಲ ಗುಡಿಸಿ ಸುಡತೊಡಗಿದರು. ಹುಳಗಳಿಲ್ಲದ ಆ ಹಿತ್ತಲಿಗೆ ಕಾಗೆ ಬಿಟ್ಟರೆ ಯಾರೂ ಬರಲಿಲ್ಲ.

* * *

"ಎಂತಕ್ಕೆ ಹೊಸ ಖಾತೆ? ಹಳೆಯದು ಉಂಟಲ್ಲ ನಿಮ್ಮ ಹೆಸರಲ್ಲಿ!"

ಹೇಳಿದವರು ಕುಶಲಾ ಟೀಚರ್. ಅರವತ್ತು ದಾಟಿದ, ಚಿತ್ರಕಲೆಯ ನಿವೃತ್ತ ಶಿಕ್ಷಕಿ. ಊರೂರಿನ ಶಾಲೆಗಳಲ್ಲಿ ಮಕ್ಕಳಿಂದ ಹಕ್ಕಿ ಎಣಿಸುವ ಕಾರ್ಯಕ್ರಮ ಮಾಡಿಸುವುದು ಅವರ ಹುಚ್ಚು. ಕಾಪುವಿನ ಶಾಲೆಯಲ್ಲಿ ಆ ವರ್ಷ ಹೆಡ್‌ಮಾಸ್ಟರು ಶಾರ್ಲೆಟ್‌ಳನ್ನೇ ಅದಕ್ಕೆ ಹಾಕಿದ್ದರು. ವಿಜ್ಞಾನದ ಟೀಚರ್ ಒಲ್ಲೆ ಎನ್ನುವುದು ಹೇಗೆ?

ಸ್ಟಾಫ್ ರೂಮಿನಲ್ಲಿ ಕುಶಲಾ ಅವಳ ಫೋನು ಹಿಡಿದುಕೊಂಡು ಹಕ್ಕಿಗಳ ಪಟ್ಟಿಯ ಹಳೆಯ ಆಪ್ ತೆರೆದಿದ್ದರು. ಬೆರಳು ಒಂದು ಕಡೆ ನಿಂತಿತು.

"ಉದ್ಯಾವರ... ಇದು ನಿಮ್ಮ ಮನೆಯಾ, ಮಾರಾಯ್ತಿ?"

"ಯಾವುದು?"

"ಈ ಪಟ್ಟಿ. ಮನೆಯ ಜಾಗ ನಕ್ಷೆಯಲ್ಲಿ ಸರಿಯಾಗಿ ಉಂಟಲ್ಲ. ಎಲ್ಲರಿಗೂ ಕಾಣುವ ಹಾಗೆ..." ಅವರ ದನಿ ಕುಗ್ಗಿತು. "ನಾನೂ ಬಂದಿದ್ದೆ, ಶಾರ್ಲೆಟ್. ಆ ಭಾನುವಾರ. ಹಕ್ಕಿ ನೋಡುವವರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಇದನ್ನೇ ಹಾಕಿದ್ದರು. ನೋಡಿ ಎಲ್ಲ ಹೊರಟದ್ದು. ಸಾವಿನ ಸುದ್ದಿ ಕೇಳಿದ ಮೇಲೆ ಆ ಮನೆಗೆ ಬರಲಿಕ್ಕೆ ನನಗೆ ಮುಖ ಇರಲಿಲ್ಲ. ಅದು ನಿಮ್ಮ ಮನೆ ಅಂತ ಇವತ್ತು ಗೊತ್ತಾಗುತ್ತಾ ಉಂಟು."

ಶಾರ್ಲೆಟ್ ಫೋನು ಕಿತ್ತುಕೊಂಡಳು.

ಅವಳದೇ ಹೆಸರು. ಆ ಶನಿವಾರದ ತಾರೀಕು. ಅವಳದೇ ಮಾತು.

'ನವರಂಗ, ಒಂದು. ದಿನಾ ಬೆಳಿಗ್ಗೆ ಏಳಕ್ಕೆ ಸರಿಯಾಗಿ ನೀರಿನ ಬೋಗುಣಿಯ ಹತ್ತಿರ ಬರುತ್ತದೆ. ಪಪ್ಪಾ ಇವತ್ತು ಇದರ ಹೆಸರು ಹೇಳಿದರು!!'

ಕುಣಿಯುತ್ತಾ ಬರೆದದ್ದು ನೆನಪಾಯಿತು. ಅದು ತನ್ನ ಪಟ್ಟಿ, ತನ್ನ ಫೋನು, ತನಗೆ ಮಾತ್ರ ಕಾಣುವುದು ಎಂದುಕೊಂಡಿದ್ದಳು...

"ಅಲ್ಲ... ಅವನು ಗೇಟಿನ ಹತ್ತಿರ ನಿಂತಿದ್ದ," ಎಂದಳು ತೊದಲುತ್ತಾ. "ನಾನೇ ನೋಡಿದ್ದೇನೆ."

"ಯಾರು, ಆ ಗಡ್ಡದ ಹುಡುಗನಾ? ಅವನು ನಮ್ಮನ್ನು ಓಡಿಸಲಿಕ್ಕೆ ಬಂದದ್ದಲ್ವಾ! ಗುಂಪಿನಲ್ಲಿ ನೋಡಿ ಮಣಿಪಾಲದಿಂದ ಬೈಕಿನಲ್ಲಿ ಬಂದನಂತೆ. ಒಬ್ಬೊಬ್ಬರ ಕೈ ಹಿಡಿದು 'ಒಳಗೆ ರೋಗಿ ಇದ್ದಾರೆ, ದಯವಿಟ್ಟು ಹೋಗಿ' ಅಂತ ಬೇಡಿಕೊಂಡ. ನಾನು ನಾಚಿಕೆಯಾಗಿ ಹೊರಗೆ ಬಂದೆ. ಉಳಿದವರು ಕೇಳಲಿಲ್ಲ."

ಮಧ್ಯಾಹ್ನದ ಗಂಟೆ ಹೊಡೆಯಿತು. ಶಾರ್ಲೆಟ್‌ಗೆ ಕೇಳಿಸಲಿಲ್ಲ.

* * *

ಅಪೊಲೋನಿಯಾ ಜಗಲಿಯಲ್ಲಿ ಕೂತು ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುತ್ತಿದ್ದರು. ಮಗಳು ಹೇಳಿದ್ದನ್ನೆಲ್ಲ ಕೇಳಿದರು. ಅವರ ಮುಖದಲ್ಲಿ ಆಶ್ಚರ್ಯವೇ ಬರಲಿಲ್ಲ. ಕೈಗಳು ಮಾತ್ರ ನಿಂತವು.

ಶಾರ್ಲೆಟ್‌ಳ ಕಣ್ಣು ಆ ಕೈಗಳ ಮೇಲೆ ನಿಂತಿತು.

"ಮಮ್ಮಿ... ನಿನಗೆ ಗೊತ್ತಿತ್ತಾ?"

ಅಪೊಲೋನಿಯಾ ಬಾಳೆನಾರನ್ನು ಬೆರಳಿಗೆ ಸುತ್ತಿದರು.

"ಮಮ್ಮಿ!"

"ಏಳನೇ ದಿನದ ಪೂಜೆ ಆದ ಮೇಲೆ ಬಂದಿದ್ದ," ಎಂದರು ಅಪೊಲೋನಿಯಾ, ಹೂವನ್ನೇ ನೋಡುತ್ತಾ. "ನೀನು ಮಾತ್ರೆ ತೆಗೆದುಕೊಂಡು ಮಲಗಿದ್ದೆ. ಫೋನು ತೋರಿಸಿದ. 'ಆಂಟಿ, ಸ್ಮಶಾನದಲ್ಲಿ ಅವಳ ಮುಖ ನೋಡಿ ಹೇಳಲಿಕ್ಕೆ ಆಗಲಿಲ್ಲ. ಈಗ ನೀವೇ ಹೇಳುತ್ತೀರಾ, ನಾನೇ ಹೇಳಲಾ?' ಅಂತ ಕೇಳಿದ. ನಾನು ಅವನ ಎರಡೂ ಕೈ ಹಿಡಿದುಕೊಂಡೆ, ಮಗಳೇ. 'ಹೇಳಬೇಡ ಪುತಾ, ನಿನ್ನನ್ನು ಶಪಿಸಿಕೊಂಡಾದರೂ ಅವಳು ಬದುಕಲಿ' ಅಂದೆ. ಗಂಡ ಹೋಗಿದ್ದರು. ಮಗಳನ್ನೂ ಕಳೆದುಕೊಳ್ಳಬೇಕಾ ನಾನು?"

"ಅವನ ಕೆಲಸ ಹೋದದ್ದು?"

"ಗೊತ್ತಿತ್ತು."

"ಒಬ್ಬನ ಬದುಕು ಹಾಳಾಗುವುದನ್ನು ನೋಡಿಕೊಂಡು ಕೂತೆಯಾ? ಪ್ರತಿ ಭಾನುವಾರ ಇಗರ್ಜಿಗೆ ಹೋದೆಯಲ್ಲ ಮಮ್ಮಿ, ಎಂತ ಪ್ರಾರ್ಥನೆ ಮಾಡಿದೆ ನೀನು?"

ಅಪೊಲೋನಿಯಾ ಈಗ ತಲೆ ಎತ್ತಿದರು. ಕಣ್ಣು ಒಣಗಿತ್ತು.

"ಅವನಿಗೂ ಒಬ್ಬಳು ತಾಯಿ ಇರಬಹುದು ಅಂತ ಗೊತ್ತಿದ್ದೇ ಮಾಡಿದೆ. ನಾಳೆ ನಿನಗೆ ಮಗಳಾದರೆ ನೀನೂ ಮಾಡುತ್ತೀ."

ಮೂರು ದಿನ ಆ ಮನೆಯಲ್ಲಿ ಇಬ್ಬರು ಹೆಂಗಸರು ಒಂದೇ ಮೇಜಿನಲ್ಲಿ, ಮಾತಿಲ್ಲದೆ ಗಂಜಿ ಊಟ ಮಾಡಿದರು.

ನಾಲ್ಕನೆಯ ದಿನ ಶಾರ್ಲೆಟ್ ರಜೆ ಹಾಕಿ ಮಣಿಪಾಲಕ್ಕೆ ಹೋದಳು. ತನ್ನ ದೂರು ಸುಳ್ಳು ಎಂದು ಬರೆದುಕೊಟ್ಟಳು. ಕೇಂದ್ರದ ಮುಖ್ಯಸ್ಥೆ ಅದನ್ನು ಎರಡು ಸಲ ಓದಿದರು.

"ನಾವು ಆಗ ಅವರನ್ನು ಕೇಳಿದ್ದೆವು," ಎಂದರು. "'ದೂರಿನಲ್ಲಿ ಇರುವುದು ಸರಿ' ಅಂತ ಸಹಿ ಹಾಕಿ ಹೋದರು. ಈಗ ಕಾರ್ಕಳದಲ್ಲಿದ್ದಾರೆ. ಮಾತು ಬಾರದ ಮಕ್ಕಳ ಒಂದು ಚಿಕ್ಕ ಶಾಲೆಯಲ್ಲಿ."

* * *

ಕಾರ್ಕಳದ ಆ ಶಾಲೆ ಒಂದು ಹಳೆಯ ಮನೆಯಲ್ಲಿ ನಡೆಯುತ್ತಿತ್ತು. ಶನಿವಾರ. ಮಕ್ಕಳು ಹನ್ನೆರಡಕ್ಕೆ ಹೊರಟುಹೋಗಿದ್ದರು. ಅವನು ನೆಲದಲ್ಲಿ ಚಾಪೆಯ ಮೇಲೆ ಕೂತು, ಹರಡಿದ್ದ ಮರದ ಅಕ್ಷರಗಳನ್ನು ಡಬ್ಬಿಗೆ ತುಂಬುತ್ತಿದ್ದ. ಗಡ್ಡ ಇರಲಿಲ್ಲ. ಕೆನ್ನೆ ಒಳಗೆ ಹೋಗಿತ್ತು.

ನೆರಳು ಬಿದ್ದದ್ದಕ್ಕೆ ತಲೆ ಎತ್ತಿದ.

"ನೀವಾ?" ಎಂದ.

'ನೀವು'. ಆ ಒಂದು ಮಾತಿನಲ್ಲಿಯೇ ಎರಡು ವರ್ಷಗಳು ಇದ್ದವು.

"ನಾನೇ ಹಾಕಿದ್ದು," ಎಂದಳು ಶಾರ್ಲೆಟ್, ಬಾಗಿಲಲ್ಲೇ ನಿಂತು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತುಗಳೆಲ್ಲ ಮರೆತುಹೋಗಿದ್ದವು. "ಪಟ್ಟಿಯಲ್ಲಿ... ನಾನೇ. ಮಮ್ಮಿಯೂ ಎಲ್ಲ ಹೇಳಿದರು."

ಅವನ ಕೈಯಿಂದ ಒಂದು ಅಕ್ಷರ ಜಾರಿ ಬಿತ್ತು.

"ನಿಮಗೆ ಗೊತ್ತಾಗಬಾರದಿತ್ತು."

"ಯಾಕೆ? ಯಾರು ಹೇಳಿದ್ದು ನಿಮಗೆ, ನನ್ನ ತಪ್ಪನ್ನು ಹೊತ್ತುಕೊಳ್ಳಿ ಅಂತ? ನಾನು ಪಪ್ಪಾನ ಸಮಾಧಿಯ ಮುಂದೆ ಮೇಣದಬತ್ತಿ ಹಚ್ಚಿ ನಿಮ್ಮನ್ನು ಶಪಿಸಿದ್ದೇನೆ! ತಿಂಗಳು ತಿಂಗಳು! ನೀವಿಬ್ಬರೂ ಸೇರಿ ನನ್ನನ್ನು ಎಂತ ಮಾಡಿದಿರಿ ಅಂತ ಗೊತ್ತುಂಟಾ?"

"ಮೊದಲ ವರ್ಷ ನಾನು ಏನೋ ದೊಡ್ಡ ತ್ಯಾಗ ಮಾಡಿದ್ದೇನೆ ಅಂದುಕೊಂಡಿದ್ದೆ," ಎಂದ ಕಾರ್ಲ್ಟನ್ ನಿಧಾನವಾಗಿ. "ಆಪ್ ಹಾಕಿಕೊಟ್ಟದ್ದು ನಾನು. ಜಾಗ ಅಡಗಿಸಿಡುವುದು ಹೇಗೆ ಅಂತ ಹೇಳಿಕೊಡಲಿಲ್ಲ. ಹಾಗಾಗಿ ತಪ್ಪು ನನ್ನದೂ ಹೌದು ಅಂತ ಸಮಾಧಾನ ಮಾಡಿಕೊಂಡೆ. ಎರಡನೇ ವರ್ಷ ಅದೆಲ್ಲ ಖಾಲಿಯಾಯಿತು. ಮಣಿಪಾಲದ ಸ್ನೇಹಿತರು ಫೋನ್ ಎತ್ತುವುದಿಲ್ಲ. ನಮ್ಮ ಅಮ್ಮ ಊರಿನಲ್ಲಿ ತಲೆ ಎತ್ತಿ ನಡೆಯುವುದಿಲ್ಲ. ಆಗ ನಿಮ್ಮನ್ನು ದ್ವೇಷಿಸಲಿಕ್ಕೆ ಶುರುಮಾಡಿದೆ. ದಿನಾ. ಹಲ್ಲುಜ್ಜುವ ಮೊದಲು."

ಶಾರ್ಲೆಟ್ ಗೋಡೆ ಹಿಡಿದುಕೊಂಡಳು. ನೋವಾಯಿತು. ಆದರೆ ಆ ನೋವಿನಲ್ಲಿ ಏನೋ ಒಂದು ಸರಿಯಾದದ್ದಿತ್ತು. ಎಷ್ಟೋ ದಿನಗಳ ಮೇಲೆ ಯಾರೋ ಅವಳಿಗೆ ನಿಜ ಹೇಳುತ್ತಿದ್ದರು.

"ಇನ್ನೊಂದುಂಟು," ಎಂದಳು. "ಮಮ್ಮಿಗೂ ಗೊತ್ತಿಲ್ಲದ್ದು. ಅದನ್ನು ಹೇಳದೆ ನಾನು ಹೋಗುವ ಹಾಗಿಲ್ಲ."

ಅವನು ಡಬ್ಬಿಯನ್ನು ಬದಿಗಿಟ್ಟ.

"ಆಸ್ಪತ್ರೆಯಲ್ಲಿ ಆ ಮೂರು ದಿನ ನೀವು ಕಾರಿಡಾರಿನಲ್ಲಿ ನಿಂತಿದ್ದಿರಿ. ನಾನು ನರ್ಸಿಗೆ ಹೇಳಿ ನಿಮ್ಮನ್ನು ಒಳಗೆ ಬಿಡಲಿಲ್ಲ."

"ನೆನಪುಂಟು."

"ಎರಡನೇ ದಿನ ಮಧ್ಯಾಹ್ನ ಪಪ್ಪಾನಿಗೆ ಎಚ್ಚರವಾಯಿತು. ನಾನೊಬ್ಬಳೇ ಇದ್ದೆ. ಅವರು... ನಿಮ್ಮನ್ನು ಕೇಳಿದರು."

"ಕೇಳಿದರು ಅಂದರೆ?"

"ಹೆಸರು ಹಿಡಿದು ಕರೆದರು. ಬಾಗಿಲ ಕಡೆ ಕೈ ತೋರಿಸಿದರು. ನೀವು ಹತ್ತು ಹೆಜ್ಜೆ ದೂರದಲ್ಲಿ ಇದ್ದಿರಿ. ನಾನು ಕರೆಯಲಿಲ್ಲ. 'ಅವನು ಬಂದಿಲ್ಲ ಪಪ್ಪಾ' ಅಂದೆ. ಅವರು ಕಣ್ಣು ಮುಚ್ಚಿದರು. ಮತ್ತೆ ತೆರೆಯಲೇ ಇಲ್ಲ."

ಹೊರಗೆ ಬಸ್ಸೊಂದು ಹಾರ್ನ್ ಹಾಕುತ್ತಾ ಹೋಯಿತು.

ಅವನು ಬೈಯಬಹುದಿತ್ತು. ಹೊರಟುಹೋಗು ಎನ್ನಬಹುದಿತ್ತು. ಅವಳು ಅದಕ್ಕೆ ಸಿದ್ಧಳಾಗಿಯೇ ಬಂದಿದ್ದಳು.

"ಹೇಗೆ ಹೇಳಿದರು?" ಎಂದು ಕೇಳಿದ ಅವನು.

"ಎಂತ?"

"ನನ್ನ ಹೆಸರು. ಮೊದಲ ಅಕ್ಷರ ಮಾತ್ರವಾ? ಅರ್ಧವಾ?"

"ಪೂರ್ತಿ. ಕಾರ್ಲ್ಟನ್ ಅಂತ. ಮೂರು ಸಲ."

"ಮೂರು ಸಲ..." ಅವನು ತುಟಿಯಲ್ಲೇ ಹೇಳಿಕೊಂಡ. "ನಾಲ್ಕು ತಿಂಗಳಲ್ಲಿ ಒಮ್ಮೆಯೂ ಕರೆದಿರಲಿಲ್ಲ, ಶಾರ್ಲೆಟ್. 'ಲ್ಟ' ಅವರಿಗೆ ಬರುತ್ತಲೇ ಇರಲಿಲ್ಲ. ಕಷ್ಟದ ಶಬ್ದ, ಬೇಡ ಅಂತ ನಾನೇ ಬಿಟ್ಟಿದ್ದೆ. ಅವರು ಒಬ್ಬರೇ ಕೂತು ಅಭ್ಯಾಸ ಮಾಡಿರಬೇಕು..."

ಅವನು ಗೋಡೆಯ ಕಡೆ ತಿರುಗಿದ. ಬೆನ್ನು ಅಲುಗತೊಡಗಿತು. ದೊಡ್ಡ ಗಂಡಸು, ಮಕ್ಕಳ ಆ ಚಿಕ್ಕ ಚಾಪೆಯ ಮೇಲೆ ಕೂತು, ಸದ್ದು ಮಾಡದೆ ಅತ್ತ.

ಶಾರ್ಲೆಟ್ ಹತ್ತಿರ ಹೋಗಲಿಲ್ಲ. ಮುಟ್ಟುವ ಹಕ್ಕು ತನಗಿಲ್ಲ ಎಂದು ಅವಳಿಗೆ ಗೊತ್ತಿತ್ತು. ಚಾಪೆಯ ಈಚೆ ಬದಿಯಲ್ಲಿ ಕೂತು, ಚೆಲ್ಲಿದ್ದ ಅಕ್ಷರಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದಳು. ಅವಳ ಕಣ್ಣೀರೂ ಅಲ್ಲೇ ಬಿತ್ತು.

ಡಬ್ಬಿಯ ಮುಚ್ಚಳ ಹಾಕಿ ಅವಳು ಎದ್ದಳು.

"ಮಣಿಪಾಲದಲ್ಲಿ ಬರೆದುಕೊಟ್ಟು ಬಂದಿದ್ದೇನೆ. ಅವರು ನಿಮ್ಮನ್ನು ಕರೆಯಬಹುದು."

"ನಾನು ಹೋಗುವುದಿಲ್ಲ. ಇಲ್ಲಿ ಮಕ್ಕಳಿದ್ದಾರೆ."

"ನಿಮ್ಮ ಅಮ್ಮನ ಹತ್ತಿರ ನಾನು ಬಂದು ಮಾತಾಡುತ್ತೇನೆ. ಅವರು ಬಾಗಿಲು ಹಾಕಿದರೂ ಸರಿ." ಚೀಲವನ್ನು ಭುಜಕ್ಕೆ ಹಾಕಿಕೊಂಡಳು. "ಬರುತ್ತೇನೆ."

ಅವಳು ಮೆಟ್ಟಿಲಿಳಿದು ಅಂಗಳದ ಅರ್ಧಕ್ಕೆ ಬಂದಿದ್ದಳು.

"ಶಾರ್ಲೆಟ್."

ನಿಂತಳು. ತಿರುಗಲು ಧೈರ್ಯವಾಗಲಿಲ್ಲ.

"ಉದ್ಯಾವರಕ್ಕೆ ನಾನು ಬರ್ಲಿಕ್ಕಿಲ್ಲ. ಆ ಹಿತ್ತಲಲ್ಲಿ ನಿಲ್ಲಲಿಕ್ಕೆ ನನ್ನಿಂದ ಆಗುವುದಿಲ್ಲ."

"ಗೊತ್ತು."

"ನಿನ್ನನ್ನು ನೋಡಿದರೆ ಈಗಲೂ ಸಿಟ್ಟು ಬರುತ್ತದೆ."

ನಿನ್ನನ್ನು! ಅವಳು ಮೆಲ್ಲನೆ ತಿರುಗಿದಳು. ಅವನು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ಕಣ್ಣು ಕೆಂಪಾಗಿತ್ತು.

"ನನಗೂ ನಿನ್ನ ಮೇಲೆ ಸಿಟ್ಟುಂಟು," ಎಂದಳು ಶಾರ್ಲೆಟ್. "ತುಂಬಾ ಉಂಟು. ನನಗೆ ಹೇಳಬೇಕಿತ್ತು ನೀನು."

"ಹೌದು. ಹೇಳಬೇಕಿತ್ತು."

ಪ್ರೀತಿ ಎಂಬ ಮಾತು ಇಬ್ಬರ ಬಾಯಲ್ಲೂ ಬರಲಿಲ್ಲ. ಆ ಒಂದು ಮಾತು ಹೇಳಿ ದಾಟುವಷ್ಟು ಸಣ್ಣದಾಗಿರಲಿಲ್ಲ ನಡುವೆ ಬಿದ್ದಿದ್ದ ಸಾವು.

"ಮುಂದಿನ ಶನಿವಾರ ಬರುತ್ತೀಯಾ?" ಎಂದ ಅವನು ಕೊನೆಗೆ.

"ಎಂತಕ್ಕೆ? ಜಗಳ ಮಾಡಲಿಕ್ಕಾ?"

"ಹೌದು." ಅವನ ದನಿ ಒಡೆಯಿತು. "ಎರಡು ವರ್ಷದಿಂದ ನಿನ್ನ ಹತ್ತಿರ ಒಬ್ಬನೇ ಜಗಳ ಮಾಡಿ ಮಾಡಿ ಸಾಕಾಗಿದೆ, ಶಾರ್ಲಿ."

ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ಅಳುವೋ ನಗುವೋ, ಏನೋ ಒಂದು ಹೊರಗೆ ಬಂತು.

"ಬೆಳಗಿನ ಮೊದಲ ಬಸ್ಸಿಗೇ ಬರುತ್ತೇನೆ," ಎಂದಳು.